ಮುಂಗಡ ವಾಪಸು ಕೊಡಲು ಹೋದ ಹುಡುಗಿ

ಅಜ್ಜಿ ಅವಳನ್ನು ಮೊದಲ ಸಲ ನೋಡಿದ ದಿನ ಅವಳು ನೀರಿನ ತೊಟ್ಟಿಯ ಪಕ್ಕದಲ್ಲಿ ಬೋರಲು ಮಲಗಿಕೊಂಡು, ಬೆತ್ತದ ತುಂಡೊಂದನ್ನು ಬಾಯಲ್ಲಿಟ್ಟು ಊದುತ್ತಿದ್ದಳು. ತುಂಡಿನ ಇನ್ನೊಂದು ತುದಿ ನೀರಿನೊಳಗಿತ್ತು. ಅಲ್ಲಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತಿತ್ತು. ಆಗ ಅವಳಿನ್ನೂ ಶಾಲೆಗೆ ಹೋಗುವ ಚಿಕ್ಕ ಹುಡುಗಿ.

ಅಜ್ಜಿ ಆ ವಠಾರಕ್ಕೆ ಬಂದು ಹೆಚ್ಚು ದಿನವಾಗಿರಲಿಲ್ಲ. ಗಂಡ ತೀರಿಕೊಂಡ ಮೇಲೆ ತನಗೊಬ್ಬಳಿಗೆ ಒಂದು ಕೋಣೆ ಸಾಕೆಂದು ಬಂದವಳು. ದರ್ಜಿಗಳು ಹೊಲಿದ ಅಂಗಿಗಳ ಗಂಟು ತಂದು ಹಾಕಿದರೆ ಕೂತು ಗುಂಡಿ ತೂರುವ ತೂತುಗಳಿಗೆ ಕಾಜಾ ಹಾಕಿಕೊಡುವುದು ಅವಳ ಕೆಲಸ. ಅದಕ್ಕೇ ಎಲ್ಲರ ಬಾಯಲ್ಲೂ ಕಾಜಾ ಅಜ್ಜಿ. ಕೂತು ಮಾಡುವ ಕೆಲಸ, ಆದರೆ ಇದ್ದ ಒಂದೇ ಕುರ್ಚಿಯ ಬೆತ್ತ ಹರಿದು ಜೋತುಬಿದ್ದಿತ್ತು. ಅದನ್ನು ಹೊತ್ತುಕೊಂಡು ಅಂಗಳದ ಎದುರಿನ ಬೆತ್ತದ ಮೇಸ್ತ್ರಿಯ ಶೆಡ್ಡಿಗೆ ಹೋದಳು. ಹೋದರೆ ಬಾಗಿಲಲ್ಲೇ ಈ ಹುಡುಗಿ.

"ಏನು ಮಾಡ್ತಾ ಇದೀಯೇ ಮಗು?"

ಹುಡುಗಿ ಬಾಯಿಂದ ತುಂಡು ತೆಗೆದಳು. "ನೋಡಿ ಅಜ್ಜಿ, ಇದು ಮೇಲಿಂದ ಎಷ್ಟು ಗಟ್ಟಿ. ಆದ್ರೂ ಊದಿದ್ರೆ ಗಾಳಿ ಆ ಕಡೆ ಹೋಗುತ್ತೆ. ಅಂದ್ರೆ ಒಳಗೆಲ್ಲ ತೂತು ಅಂತ ಆಯ್ತಲ್ಲ? ಗಿಡ ತನ್ನ ಮೈಯೊಳಗೆ ಯಾಕೆ ತೂತು ಮಾಡ್ಕೊಂಡಿದೆ?"

ಶೆಡ್ಡಿನ ಒಳಗಿಂದ ಮೇಸ್ತ್ರಿ ಕೂಗಿದ. "ಅವಳ ಮಾತಿಗೆ ಸಿಕ್ಕೋಬೇಡಿ ಅಕ್ಕಾ! ಎದ್ದಾಗಿಂದ ಮಲಗೋವರೆಗೂ ಯಾಕೆ, ಯಾಕೆ, ಯಾಕೆ. ಅದಕ್ಕೇ ಯಾಕಮ್ಮ ಅಂತ ಕರೀತೀವಿ. ಅವಳ ನಿಜವಾದ ಹೆಸರು ಏನು ಅಂದ್ರೆ ನಾನೇ ಸ್ವಲ್ಪ ಯೋಚನೆ ಮಾಡಬೇಕು."

ಊರೆಲ್ಲ ಅಜ್ಜಿ ಎಂದು ಕರೆದರೂ ಮೇಸ್ತ್ರಿ ಮಾತ್ರ ಅವಳನ್ನು ಕೊನೆಯವರೆಗೂ ಅಕ್ಕಾ ಎಂದೇ ಕರೆದ. "ನಿಮ್ಮನ್ನ ಅಜ್ಜಿ ಅಂದ್ರೆ ನನಗೂ ವಯಸ್ಸಾಯ್ತು ಅಂತ ಒಪ್ಪಿಕೊಂಡ ಹಾಗೆ" ಎನ್ನುತ್ತಿದ್ದ.

ಅಜ್ಜಿ ಕುರ್ಚಿ ಕೆಳಗಿಟ್ಟಳು. "ಕೊಡಿಲ್ಲಿ" ಎಂದು ಹುಡುಗಿಯ ಕೈಯಿಂದ ತುಂಡು ಇಸಿದುಕೊಂಡು, ಸೆರಗಿನಿಂದ ಒರೆಸಿ, ತಾನೂ ನೀರಿಗೆ ಇಟ್ಟು ಊದಿದಳು. ಗುಳ್ಳೆ ಬಂತು. ಇಷ್ಟು ವರ್ಷ ಬೆತ್ತದ ಕುರ್ಚಿಯ ಮೇಲೆ ಕೂತಿದ್ದರೂ ಇದು ತನಗೆ ಗೊತ್ತೇ ಇರಲಿಲ್ಲವಲ್ಲ ಎಂದು ಅಜ್ಜಿಗೆ ಸೋಜಿಗವಾಯಿತು.

"ಮೇಸ್ತ್ರಿ, ಈ ಬೆತ್ತ ಅನ್ನೋದು ಮರವೋ, ಬಳ್ಳಿಯೋ?"

"ನಮಗೆ ಬರೋವಾಗ ಕಟ್ಟು ಅಕ್ಕಾ. ಅಂಗಡಿಯವನು ಇಳಿಸಿ ಹೋಗ್ತಾನೆ, ನಾವು ನೆನೆ ಹಾಕ್ತೀವಿ. ಅದಕ್ಕಿಂತ ಹಿಂದಿನ ವಿಚಾರ ನಮಗೆ ಯಾಕೆ?"

"ನೋಡಿದ್ರಾ, ಅಪ್ಪನೂ ಯಾಕೆ ಅಂದ್ರು!" ಎಂದಳು ಹುಡುಗಿ.

ಆ ಮನೆಯ ಕೆಲಸವನ್ನು ಅಜ್ಜಿ ತನ್ನ ಬಾಗಿಲಲ್ಲಿ ಕೂತೇ ವರ್ಷಗಟ್ಟಲೆ ನೋಡಿದಳು. ಕುರ್ಚಿಯ ಚೌಕಟ್ಟಿನ ಸುತ್ತ ತೂತುಗಳಿರುತ್ತವೆ. ನೆನೆಸಿದ ಬೆತ್ತದ ಎಳೆಯನ್ನು ಅವುಗಳಲ್ಲಿ ತೂರಿಸಿ ಮೊದಲು ಉದ್ದಕ್ಕೆ ಎಳೆಯುತ್ತಾರೆ, ಆಮೇಲೆ ಅಡ್ಡಕ್ಕೆ, ಕೊನೆಗೆ ಮೂಲೆಯಿಂದ ಮೂಲೆಗೆ. ಎಳೆ ಜಾರದಂತೆ ತೂತಿಗೆ ಸಣ್ಣ ಮರದ ಬೆಣೆ ಸಿಕ್ಕಿಸುತ್ತಾರೆ. ಒದ್ದೆ ಇರುವಾಗ ಬೆತ್ತ ಹೇಳಿದ ಮಾತು ಕೇಳುತ್ತದೆ, ಒಣಗುತ್ತ ಬಂದಂತೆ ಬಿಗಿಯುತ್ತದೆ. ಅರ್ಧ ಹೆಣೆದು ಎದ್ದು ಹೋದರೆ ಒಂದು ಕಡೆ ಬಿಗಿದು ಇನ್ನೊಂದು ಕಡೆ ಸಡಿಲಾಗಿ ಇಡೀ ಆಸನ ಕೆಡುತ್ತದೆ. ಹಾಗಾಗಿ ಆ ಮನೆಯಲ್ಲಿ ಹಿಡಿದ ಕುರ್ಚಿ ಮುಗಿಯುವವರೆಗೆ ಯಾರೂ ಏಳುವಂತಿಲ್ಲ, ಇನ್ನೊಂದು ಕುರ್ಚಿಯನ್ನು ಮುಟ್ಟುವಂತಿಲ್ಲ. ಊಟಕ್ಕೆ ಕರೆದರೂ ಅಷ್ಟೇ, ನೆಂಟರು ಬಂದರೂ ಅಷ್ಟೇ.

ಇನ್ನೊಂದು ಕಟ್ಟುನಿಟ್ಟೂ ಇತ್ತು. ಕೆಲಸ ತಮ್ಮ ಕೈಯಿಂದಲೇ ಕೆಟ್ಟರೆ ಗಿರಾಕಿಗೆ ಮುಂಗಡ ವಾಪಸು. ವಾಪಸು ಕೊಡುವವರೆಗೆ ಆ ಗಿರಾಕಿಗೆ ಮುಖ ತೋರಿಸುವಂತಿಲ್ಲ. ಒಮ್ಮೆ ಕ್ಷೌರದಂಗಡಿಯವನ ಕುರ್ಚಿ ಹೀಗೇ ಕೆಟ್ಟಿತು. ಮುಂಗಡ ಹೊಂದಿಸುವವರೆಗೆ ಮೇಸ್ತ್ರಿ ಆ ಅಂಗಡಿಯ ಕಡೆ ಸುಳಿಯಲಿಲ್ಲ, ಬೇರೆ ಅಂಗಡಿಗೂ ಹೋಗಲಿಲ್ಲ, ಗಡ್ಡ ಬಿಟ್ಟುಕೊಂಡೇ ಓಡಾಡಿದ. "ಇನ್ನು ಸ್ವಲ್ಪ ದಿನ ಹೋದ್ರೆ ಗುಬ್ಬಿ ಬಂದು ಗೂಡು ಕಟ್ಟುತ್ತೆ" ಎಂದು ಹೆಂಡತಿ ನಗಾಡಿದಳು. ಮೇಸ್ತ್ರಿ ನಗಲಿಲ್ಲ.

ಇಂಥ ಮನೆಯಿಂದ ಯಾಕಮ್ಮ ಕಾಲೇಜಿಗೆ ಹೋದಳು. ಅಪ್ಪನ ಕಡೆ, ಅಮ್ಮನ ಕಡೆ, ಎಷ್ಟು ಹಿಂದೆ ಹೋಗಿ ಹುಡುಕಿದರೂ ಆ ಮೆಟ್ಟಿಲು ಹತ್ತಿದವರು ಒಬ್ಬರೂ ಇರಲಿಲ್ಲ. ಏನು ಓದುತ್ತೀ ಎಂದರೆ ಗಿಡಗಳನ್ನು ಎಂದಳು. ಮೊದಲ ವರ್ಷವೇ ಕಾಲೇಜಿನವರು ಸಸ್ಯತೋಟವೊಂದಕ್ಕೆ ಕರೆದುಕೊಂಡು ಹೋದಾಗ ಬೆಳೆಯುವ ಬೆತ್ತವನ್ನು ಕಣ್ಣಾರೆ ಕಂಡು ಓಡೋಡಿ ಬಂದಳು.

"ಅಪ್ಪಾ, ಮೈತುಂಬ ಮುಳ್ಳು! ಮರ ಹಿಡ್ಕೊಂಡು ಮೇಲೆ ಹತ್ತುತ್ತೆ!"

"ಹೋಗೇ, ಮುಳ್ಳಿನ ಮೇಲೆ ಯಾರಾದ್ರೂ ಜನಾನ ಕೂರಿಸ್ತಾರಾ? ಬೇರೆ ಏನನ್ನೋ ನೋಡಿರ್ತೀಯ" ಎಂದ ಮೇಸ್ತ್ರಿ. ಆದರೂ ಆ ಸಂಜೆ ಅವನು ಎಳೆಯೊಂದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದುದನ್ನು ಅಜ್ಜಿ ಕಂಡಳು.

ಆದರೆ ಆ ಮೊದಲ ವರ್ಷ ಬಹಳ ಕಷ್ಟದ್ದು. ಹಗಲು ಕಾಲೇಜು, ಬಂದ ಮೇಲೆ ಹೆಣಿಗೆ. ಅವಳು ಹೆಣೆಯದಿದ್ದರೆ ಫೀಸಿಲ್ಲ. ಹೆಣೆದರೆ ತರಗತಿಯಲ್ಲಿ ತೂಕಡಿಕೆ. ಬಿಟ್ಟುಬಿಡುತ್ತೇನೆ ಎಂದು ಅವಳು ಬಾಯಿ ಬಿಟ್ಟು ಹೇಳದಿದ್ದರೂ, ಪುಸ್ತಕದ ಚೀಲ ಇಳಿಸುವ ರೀತಿಯಲ್ಲೇ ಅಜ್ಜಿಗೆ ತಿಳಿಯುತ್ತಿತ್ತು. ಅಷ್ಟರಲ್ಲಿ ವಿದ್ಯಾರ್ಥಿವೇತನ ಸಿಕ್ಕಿತು. ಮನೆಯಲ್ಲಿ ಮೊದಲ ಸಲ ಕಾಲೇಜು ಕಂಡ ಮಕ್ಕಳಿಗೆಂದೇ ಯಾರೋ ಕೂಡಿಸಿಟ್ಟ ನಿಧಿ ಅದು. ಫೀಸು ಅದೇ ಕಟ್ಟುತ್ತದೆ, ಪುಸ್ತಕ, ಬಸ್ಸಿನ ಖರ್ಚು ಎಲ್ಲ ಅದರದೇ. ಹುಡುಗಿಗೆ ಸಂಜೆಗಳು ಸಿಕ್ಕಿದವು. ಅಜ್ಜಿಯ ಬಾಗಿಲ ಬಳಿ ದೀಪ ಚೆನ್ನಾಗಿತ್ತು. ಅಲ್ಲೇ ಬಂದು ಕೂತು ಓದತೊಡಗಿದಳು. ಒಬ್ಬಳದು ಸೂಜಿ, ಒಬ್ಬಳದು ಪುಸ್ತಕ.

"ನಮ್ಮ ಮುಖ ನೋಡಿಲ್ಲ, ಪರಿಚಯ ಇಲ್ಲ. ಯಾಕೆ ಕೊಡ್ತಾರಂತೆ ಅಜ್ಜಿ?" ಎಂದು ಹುಡುಗಿಯ ಅಮ್ಮ ಪಿಸುಗುಟ್ಟಿದಳು. ಅಜ್ಜಿಯ ತಲೆಯಲ್ಲೂ ಅದೇ ಹುಳ ಕೊರೆಯುತ್ತಿತ್ತು.

ಮೇಸ್ತ್ರಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. "ಅದರಲ್ಲೇನಿದೆ? ಮುಂಗಡ ಕೊಟ್ಟಿದಾರೆ. ಇವಳು ಕೆಲಸ ಮುಗಿಸಿ ಕೊಡಬೇಕು. ಕೆಡಿಸಬಾರದು, ಅಷ್ಟೇ" ಎಂದ. ಯಾಕಮ್ಮ ತಲೆಯಾಡಿಸಿದಳು. ಎಲ್ಲದಕ್ಕೂ ಯಾಕೆ ಎನ್ನುವ ಹುಡುಗಿ ಇದೊಂದನ್ನು ಕೇಳದೆ ಒಪ್ಪಿಕೊಂಡಳು. ಅವಳೂ ಅದೇ ಮನೆಯ ನೀರು ಕುಡಿದವಳು.

ಎರಡನೆಯ ವರ್ಷ ಅವಳು ಒಂದು ವಿಷಯದಲ್ಲಿ ಫೇಲಾದಳು.

ಫಲಿತಾಂಶ ಬಂದ ದಿನ ಅವಳು ಅಳಲಿಲ್ಲ. ಸೀದಾ ತೊಟ್ಟಿಯ ಹತ್ತಿರ ಹೋಗಿ ಒಂದು ಕಟ್ಟು ಬೆತ್ತ ನೆನೆ ಹಾಕಿದಳು. ಮರುದಿನ ಕಾಲೇಜಿಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಅಪ್ಪ ಮಗಳು ಎದುರುಬದುರು ಕೂತು ಬೆಳಗಿನಿಂದ ಹೆಣೆದರು, ಸಿಕ್ಕ ಕೆಲಸವನ್ನೆಲ್ಲ ಹಿಡಿದರು. ಬಂದದ್ದರಲ್ಲಿ ಒಂದಿಷ್ಟು ಹಳೆಯ ಬಟ್ಟೆಯ ಗಂಟಿನೊಳಗೆ ಹೋಗುತ್ತಿತ್ತು. ಮುಂಗಡ ವಾಪಸು ಕೊಡುವವರೆಗೆ ಕಾಲೇಜಿಗೆ ಮುಖ ತೋರಿಸುವಂತಿಲ್ಲವಲ್ಲ! ಕಾಲೇಜಿನಿಂದ ಫೋನು ಬಂದರೆ ಮೇಸ್ತ್ರಿ, "ಅವಳು ಊರಲ್ಲಿಲ್ಲ" ಎಂದು ಇಟ್ಟುಬಿಡುತ್ತಿದ್ದ.

ಅಜ್ಜಿಗೆ ದುಃಖ ಒಂದು ಪಾಲಾದರೆ ಸೋಜಿಗ ಎರಡು ಪಾಲು. ಈ ಹುಡುಗಿ ಫೇಲಾಗುವುದೆಂದರೇನು? ಅದೂ ಗಿಡಗಳ ವಿಷಯದಲ್ಲಿ? ಒಂದು ಮಧ್ಯಾಹ್ನ ತಡೆಯಲಾರದೆ ಶೆಡ್ಡಿಗೆ ಹೋಗಿ ಅವಳ ಪಕ್ಕ ಕೂತಳು.

"ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ವೇನೇ?"

"ಎಲ್ಲಾ ಗೊತ್ತಿತ್ತು."

"ಮತ್ತೆ?"

"ಟೈಮ್ ಸಾಲಲಿಲ್ಲ."

"ಉಳಿದವರಿಗೆ ಸಾಕಾಯ್ತಾ?"

"ಹೂಂ."

"ಅವರಿಗೇನು ಬೇರೆ ಗಡಿಯಾರ ಕೊಟ್ಟಿದ್ರಾ?"

ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಈಗ ಎಳೆ ಎಳೆದು ಬೆಣೆ ಸಿಕ್ಕಿಸಿದಳು, ಅಷ್ಟೇ. ಅಜ್ಜಿ ಎದ್ದು ಬಂದಳು. ಅವಳನ್ನು ಹೆಚ್ಚು ಹೆದರಿಸಿದ್ದು ಫೇಲಾದದ್ದಲ್ಲ, ಹುಡುಗಿ ಯಾಕೆ ಎನ್ನುವುದನ್ನು ನಿಲ್ಲಿಸಿದ್ದು. ಆ ವರ್ಷ ಕೈತಪ್ಪಿದರೆ ಓದು ಅಲ್ಲಿಗೇ ಮುಗಿದಂತೆ ಎಂಬುದು ಕಾಜಾ ಹಾಕುವವಳಿಗೂ ಗೊತ್ತಾಗುತ್ತಿತ್ತು.

ಗಂಟು ಸಾಕಷ್ಟಾಯಿತು ಅನ್ನಿಸಿದ ದಿನ ಮೇಸ್ತ್ರಿ ಹೇಳಿದ, "ಕೆಡಿಸಿದವರೇ ಕೊಟ್ಟು ಬರಬೇಕು. ಅದೇ ಕ್ರಮ." ಹುಡುಗಿ ಅಜ್ಜಿಯ ಬಾಗಿಲಿಗೆ ಬಂದಳು. "ಒಬ್ಬಳೇ ಹೋಗೋಕೆ ಕಾಲು ಬರ್ತಿಲ್ಲ ಅಜ್ಜಿ. ನೀವು ಬರ್ತೀರಾ?"

ಅಜ್ಜಿ ಆಗಲೇ ಚಪ್ಪಲಿ ಹುಡುಕುತ್ತಿದ್ದಳು. ಹುಡುಗಿಯ ಮೇಲಿನ ಅಕ್ಕರೆ ಒಂದು ಕಡೆಗಿರಲಿ, ಮುಖ ನೋಡದವರಿಗೆ ದುಡ್ಡು ಕೊಡುವ ಆ ಜನ ಹೇಗಿರುತ್ತಾರೆ ಎಂದು ಒಮ್ಮೆ ನೋಡಿಬಿಡಬೇಕಿತ್ತು ಅವಳಿಗೆ.

ಕಾಲೇಜಿನ ಹಿಂದಿನ ಕಟ್ಟಡದಲ್ಲಿ, ಮೆಟ್ಟಿಲು ಹತ್ತಿದರೆ ಕೊನೆಯ ಕೋಣೆ ವಿದ್ಯಾರ್ಥಿವೇತನದ ಕಚೇರಿ. ಒಂದು ಮೇಜು, ಗರಗರ ಎನ್ನುವ ಫ್ಯಾನು, ಕಿಟಕಿಯಲ್ಲಿ ಒಣಗಿದ ಗಿಡದ ಕುಂಡ. ಮೇಜಿನ ಹಿಂದೆ ದಪ್ಪ ಕನ್ನಡಕದ ಮೇಡಂ. ಹುಡುಗಿ ಕೂರುವ ಮೊದಲು ಮನೆಯ ಅಭ್ಯಾಸದಂತೆ ಕುರ್ಚಿ ಎತ್ತಿ ಅಡಿ ನೋಡಿದಳು. ಪ್ಲಾಸ್ಟಿಕ್ಕು. ಮೂಗು ಮುರಿದು ಕೂತಳು. ಗಂಟನ್ನು ಮೇಜಿನ ಮೇಲಿಟ್ಟಳು.

"ಮೇಡಂ, ಇದು ನಿಮ್ಮದು."

"ನಮ್ಮದಾ? ಏನಮ್ಮ ಇದು?"

"ನೀವು ಕೊಟ್ಟ ಸ್ಕಾಲರ್‌ಶಿಪ್ ದುಡ್ಡು. ಪೂರ್ತಿ ಹೊಂದಿಸೋಕೆ ಆಗಲಿಲ್ಲ. ನಾನು ಕೆಡಿಸಿದ ವಿಷಯದ್ದು ಮಾತ್ರ ತಂದಿದೀನಿ. ಉಳಿದದ್ದು ಕೆಟ್ಟಿಲ್ಲ."

ಮೇಡಂ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಇಲ್ಲಿ ಕೂತಾಗಿಂದ ‘ಸ್ವಲ್ಪ ಜಾಸ್ತಿ ಕೊಡಿ’ ಅಂದವರನ್ನ ಎಷ್ಟೋ ಜನ ನೋಡಿದೀನಿ. ‘ತಗೊಳ್ಳಿ’ ಅಂದವರನ್ನ ಇವತ್ತೇ ನೋಡ್ತಿರೋದು. ವಾಪಸ್ ಕೊಡಬೇಕು ಅಂತ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ಅದು ಗೊತ್ತಿರೋದೇ ಅಲ್ವಾ?"

"ಗೊತ್ತಿರಬೇಕಾದ್ದು ಬೇರೆ ಇತ್ತು ಕಣಮ್ಮ. ಒಂದು ವಿಷಯ ಹೋದ್ರೆ ಮತ್ತೆ ಪರೀಕ್ಷೆ ಬರೀಬಹುದು. ಸ್ಕಾಲರ್‌ಶಿಪ್ ನಿಲ್ಲೋದಿಲ್ಲ. ಕಷ್ಟ ಆಗ್ತಿದ್ರೆ ಹೇಳಿಕೊಡೋಕೆ ಜನ ಇದಾರೆ, ಅದಕ್ಕೂ ಇದೇ ದುಡ್ಡು. ನಿನ್ನ ಕ್ಲಾಸಿನವರಿಗೆಲ್ಲ ಇದು ಗೊತ್ತು."

"ಅವರಿಗೆ ಯಾರು ಹೇಳಿದ್ರು?"

"ಯಾರು ಅಂದ್ರೆ, ಅಕ್ಕಂದಿರು, ಅಣ್ಣಂದಿರು, ಅಪ್ಪ ಅಮ್ಮ..." ಮೇಡಂ ಅಲ್ಲಿಗೇ ಮಾತು ನಿಲ್ಲಿಸಿದರು. "ಇಷ್ಟು ವರ್ಷದಿಂದ ನನಗೊಂದು ಅರ್ಥ ಆಗಿಲ್ಲ" ಎಂದರು ಆಮೇಲೆ. "ಬಿದ್ದವರನ್ನ ಎತ್ತೋಕೇ ಅಂತ ನಾವು ಇಲ್ಲಿ ಕೂತಿರೋದು. ಆದ್ರೆ ಬಿದ್ದವರು ಈ ಕಡೆ ಬರೋದೇ ಇಲ್ಲ. ಸದ್ದಿಲ್ಲದೆ ಕಾಣೆಯಾಗ್ತಾರೆ. ಫೋನ್ ಮಾಡಿದ್ರೆ ಊರಲ್ಲಿಲ್ಲ ಅಂತಾರೆ."

"ನಮ್ಮಪ್ಪನೂ ಹಾಗೇ ಹೇಳಿದ್ರು" ಎಂದಳು ಹುಡುಗಿ. "ನಾನು ಪಕ್ಕದಲ್ಲೇ ಕೂತಿದ್ದೆ."

ಅಜ್ಜಿಗೆ ನಗು ತಡೆಯಲಾಗಲಿಲ್ಲ. ಮೇಡಂಗೂ. "ಯಾಕಮ್ಮ ಹಾಗೆ?" ಎಂದು ಅವರು ಕೇಳಿದಾಗ, ತನ್ನ ಅಡ್ಡಹೆಸರು ಇವರಿಗೆ ಹೇಗೆ ತಿಳಿಯಿತೆಂದು ಹುಡುಗಿ ಒಂದು ಗಳಿಗೆ ಕಣ್ಣರಳಿಸಿದಳು. ಆಮೇಲೆ ಮುಂಗಡದ ಕ್ರಮವನ್ನು ಹೇಳಿದಳು, ಕ್ಷೌರದಂಗಡಿಯ ಕುರ್ಚಿಯದನ್ನೂ ಹೇಳಿದಳು.

"ಅಂದ್ರೆ ಕಾಣೆಯಾದವರೆಲ್ಲ ಎಲ್ಲೋ ಗಡ್ಡ ಬಿಟ್ಕೊಂಡು ಓಡಾಡ್ತಿದಾರೆ ಅನ್ನು" ಎಂದರು ಮೇಡಂ ನಿಧಾನವಾಗಿ.

"ಗಡ್ಡ ಬರೋರು ಗಡ್ಡ ಬಿಡ್ತಾರೆ. ಬರದೇ ಇರೋರು ಹೀಗೆ ಗಂಟು ಕಟ್ತಾರೆ" ಎಂದಳು ಅಜ್ಜಿ. ಮಾತಿಗೆ ದಾರಿ ಸಿಕ್ಕಿದ್ದೇ ತಡ, ತನ್ನ ಹೊಟ್ಟೆಯಲ್ಲಿದ್ದುದನ್ನೂ ಕೇಳಿಬಿಟ್ಟಳು. "ಅಲ್ಲ ಮೇಡಂ, ಈ ದುಡ್ಡು ಕೊಡೋರು ಯಾರು? ಒಂದು ಸಲ ನೋಡಬಹುದಾ?"

"ಒಬ್ಬರಲ್ಲ ಅಜ್ಜಿ, ತುಂಬಾ ಜನ. ಇದೇ ದುಡ್ಡಲ್ಲಿ ಓದಿ ಈಗ ಕೊಡ್ತಿರೋರು ಇದಾರೆ. ಟೋಪಿ ಹೊಲಿಯೋ ಒಬ್ಬರು ಇದಾರೆ."

"ನೋಡೋಕೆ ಹೇಗಿರ್ತಾರೆ?"

"ಎಲ್ಲರ ಹಾಗೇ ಇರ್ತಾರೆ. ದಾರೀಲಿ ಎದುರಿಗೆ ಬಂದ್ರೆ ಗೊತ್ತಾಗಲ್ಲ."

ಅಜ್ಜಿಗೆ ಸ್ವಲ್ಪ ನಿರಾಸೆಯೇ ಆಯಿತು.

ಮೇಡಂ ಪಕ್ಕದ ಕೋಣೆಯಿಂದ ಸಸ್ಯಶಾಸ್ತ್ರದ ಮೇಷ್ಟ್ರನ್ನು ಕರೆಸಿದರು. ಮೇಷ್ಟ್ರು ಹುಡುಗಿಯ ಮುಖ ನೋಡಿದವರೇ ಹಣೆ ಬಡಿದುಕೊಂಡರು. "ನೀನಾ! ಆ ಚಿತ್ರ ಬರೆದವಳು ನೀನೇನಾ!"

ಸಂಗತಿ ಇಷ್ಟು. ಪರೀಕ್ಷೆಯ ಮೊದಲ ಪ್ರಶ್ನೆ ತಾಳೆಯ ಜಾತಿಯ ಗಿಡದ ಕಾಂಡವನ್ನು ಅಡ್ಡಕ್ಕೆ ಕೊಯ್ದರೆ ಹೇಗೆ ಕಾಣುತ್ತದೆ, ಚಿತ್ರ ಬರೆಯಿರಿ ಎಂದಿತ್ತು. ಬೆತ್ತವೂ ಅದೇ ಜಾತಿ. ಅದರೊಳಗೆ ನೀರು ಏರುವ ನಾಳಗಳು ಎಲ್ಲೆಂದರಲ್ಲಿ ಚೆಲ್ಲಿದಂತೆ ಇರುತ್ತವೆ. ಉಳಿದವರು ಅಂಚಿನಿಂದ ನಡುವಿನವರೆಗೆ ಒಂದು ಸಣ್ಣ ತುಣುಕು ಬರೆದು, ಹೆಸರು ಗುರುತಿಸಿ ಮುಂದೆ ಹೋಗಿದ್ದರು. ಇವಳು ಇಡೀ ಕಾಂಡವನ್ನು ಗುಂಡಗೆ ಬರೆದು, ಒಳಗಿನ ಒಂದೊಂದು ನಾಳವನ್ನೂ ಬಿಡದೆ ತುಂಬಿಸಿದ್ದಳು. ಗಂಟೆ ಹೊಡೆದಾಗ ಉಳಿದ ಪ್ರಶ್ನೆಗಳೆಲ್ಲ ಹಾಗೇ ಖಾಲಿ.

"ಪುಸ್ತಕದಲ್ಲೂ ಅಂಥ ಚಿತ್ರ ಇಲ್ಲ. ಅದಕ್ಕೆ ಪೂರ್ತಿ ಅಂಕ ಕೊಟ್ಟೆ. ಉಳಿದದ್ದಕ್ಕೆ ಏನು ಕೊಡಲಿ, ಬರೀ ಬಿಳಿ ಹಾಳೆ! ಅಲ್ಲಮ್ಮ, ಅಷ್ಟಕ್ಕೇ ಬಿಟ್ಟು ಮುಂದಿನದು ಹಿಡೀಬಾರದಿತ್ತಾ?"

"ಅರ್ಧಕ್ಕೆ ಬಿಟ್ಟು ಹೇಗೆ ಏಳೋದು ಸರ್?" ಎಂದಳು ಯಾಕಮ್ಮ, ನಿಜವಾಗಿಯೂ ಅರ್ಥವಾಗದೆ.

ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬರೆಯಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮೊದಲ ವರ್ಷವೂ ಈ ವರ್ಷದ ಬೇರೆ ವಿಷಯಗಳಲ್ಲೂ ಚಿಕ್ಕ ಚಿಕ್ಕ ಪ್ರಶ್ನೆಗಳೇ ಇದ್ದದ್ದರಿಂದ ಹೇಗೋ ದಾಟಿದ್ದಳು. ಮೇಷ್ಟ್ರು ಮೇಡಂ ಮುಖ ನೋಡಿದರು, ಮೇಡಂ ಅಜ್ಜಿಯ ಮುಖ ನೋಡಿದರು. ಮರುಪರೀಕ್ಷೆಗೆ ಹೆಸರು ಕೊಡಲು ಆ ವಾರವೇ ಕೊನೆ. "ಗಂಟು ತಗೊಂಡು ಹೋಗು. ಹೆಸರು ಕೊಡೋಕೆ ಬಾ" ಎಂದು ಮೇಡಂ ಕಳಿಸಿಕೊಟ್ಟರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಹುಡುಗಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೇಡಂ ಮಾತು ಕೇಳಲು ಹಿತವಾಗಿತ್ತು, ನಂಬಲು ಕಷ್ಟವಾಗಿತ್ತು.

ಮೇಸ್ತ್ರಿಯಂತೂ ಗಂಟು ನೋಡಿದ್ದೇ ಮುಖ ಬಿಗಿದುಕೊಂಡ. "ಯಾಕೆ ವಾಪಸ್ ತಂದೆ?"

ಹುಡುಗಿ ಎಲ್ಲ ಹೇಳಿದಳು.

"ಅವರು ಒಳ್ಳೆ ಜನ, ಅದಕ್ಕೆ ಬೇಡ ಅಂದಿದಾರೆ. ಗಿರಾಕಿ ‘ಪರವಾಗಿಲ್ಲ’ ಅಂದ ಮಾತ್ರಕ್ಕೆ ನಾವು ಇಟ್ಕೊಂಡುಬಿಡೋದಾ? ಕೆಟ್ಟ ಕೆಲಸದ ಮುಂಗಡ ಇಟ್ಕೊಂಡು ಅದರ ಮೇಲೆ ಇನ್ನೊಂದು ಕೆಲಸಕ್ಕೆ ಕೈ ಒಡ್ಡೋದಾ? ನನ್ನಿಂದಾಗಲ್ಲ."

ಹುಡುಗಿಗೂ ಬೇರೆ ಕ್ರಮ ಗೊತ್ತಿರಲಿಲ್ಲ. ಹೋಗಿ ಸರದಿಯಲ್ಲಿದ್ದ ಕುರ್ಚಿಯ ಮುಂದೆ ಕೂತಳು.

ಅಜ್ಜಿ ವಾದ ಮಾಡಲೆಂದು ನಿಂತವಳಲ್ಲ. ಮೇಡಂ ಕೋಣೆಯಲ್ಲಿ ಕೂತಿದ್ದಾಗಲೇ ಅವಳಿಗೊಂದು ವಿಷಯ ತಿಳಿದುಕೊಳ್ಳಬೇಕು ಅನ್ನಿಸಿತ್ತು, ಅದನ್ನೇ ಕೇಳಿದಳು. "ಅಲ್ಲಪ್ಪಾ ಮೇಸ್ತ್ರಿ, ನೀನು ಈ ಕೆಲಸ ಕಲಿತದ್ದು ಯಾರ ಹತ್ರ?"

"ಸೋದರಮಾವನ ಹತ್ರ."

"ಮೊದಲನೇ ಕುರ್ಚಿ ಸರಿಯಾಗಿ ಬಂತಾ?"

ಒಳಗಿಂದ ಹೆಂಡತಿಯ ದನಿ ಬಂತು. "ಬಂತಂತೆ ಅಜ್ಜಿ. ಕೂತವರು ಮಾತ್ರ ಸೀದಾ ನೆಲಕ್ಕೆ ಬಂದ್ರಂತೆ!"

"ನೀನು ಸುಮ್ನಿರೇ" ಎಂದ ಮೇಸ್ತ್ರಿ. ಮೀಸೆಯಡಿ ನಗು ಬಂದಿತ್ತು. "ಕಲಿಯೋವಾಗ ಕೆಡದೆ ಇರುತ್ತಾ ಅಕ್ಕಾ? ಕಟ್ಟುಗಟ್ಟಲೆ ಕೆಡಿಸಿದೀನಿ."

"ಆ ಬೆತ್ತದ ದುಡ್ಡು ಮಾವನಿಗೆ ಯಾವಾಗ ಕೊಟ್ಟೆ?"

"ಅದನ್ನ ಯಾರು ಕೊಡ್ತಾರೆ? ಕಲಿಯೋರ ಬೆತ್ತ ಕಲಿಸೋರ ಲೆಕ್ಕ. ನಾನು ಕೊಡೋಕೆ ಹೋಗಿದ್ರೆ ಮಾವ ಅದೇ ಬೆತ್ತ ತಗೊಂಡು ನನಗೆ ಬಿಡ್ತಿದ್ದ. ಅವನ ಮರ್ಯಾದೆ ಏನಾಗಬೇಕು..."

ಮೇಸ್ತ್ರಿ ಕೈಯಲ್ಲಿದ್ದ ಬೆಣೆಯನ್ನು ಎಲ್ಲಿ ಸಿಕ್ಕಿಸಬೇಕೆಂದು ಮರೆತವನಂತೆ ನೋಡಿದ.

"ಅದು ಬೇರೆ, ಇದು ಬೇರೆ" ಎಂದ ಕೊನೆಗೆ.

"ಯಾಕಪ್ಪಾ ಬೇರೆ?"

ಎಷ್ಟೋ ತಿಂಗಳ ಮೇಲೆ ಆ ಹುಡುಗಿಯ ಬಾಯಿಂದ ಬಂದ ಯಾಕೆ ಅದು. ಅಜ್ಜಿಯ ಕಿವಿ ನೆಟ್ಟಗಾಯಿತು.

"ಅವನು ನನ್ನ ಮಾವ, ಸಂಬಂಧಿಕ. ಇವರು ನಮಗೆ ಯಾರು?"

"ಮಾವ ಬೇರೆ ಹುಡುಗರಿಗೂ ಕಲಿಸ್ತಿರಲಿಲ್ವಾ? ಅವರ ಹತ್ರ ಬೆತ್ತದ ದುಡ್ಡು ಇಸ್ಕೋತಿದ್ರಾ?"

"ಇಲ್ಲ. ಆದ್ರೆ ನಾನು ಮಾವನ ಕಣ್ಣೆದುರಿಗೇ ಕೆಡಿಸ್ತಿದ್ದೆ. ಇವರು ನಿನ್ನನ್ನ ನೋಡೇ ಇಲ್ಲ."

"ನೋಡದೇ ಕೊಟ್ಟಿದಾರೆ ಅಂದ್ರೆ ಇನ್ನೂ ಜಾಸ್ತಿ ನಂಬಿದಾರೆ ಅಂತ ಅಲ್ವಾ?"

"ಬಾಯಿ ಮುಚ್ಕೊಂಡು ಹೆಣಿ" ಎಂದ ಮೇಸ್ತ್ರಿ. ಉತ್ತರ ಸಿಗದಿದ್ದಾಗ ಅವನು ಯಾವಾಗಲೂ ಹೇಳುವ ಮಾತು ಅದು.

ಮರುದಿನ ಏನೂ ಆಗಲಿಲ್ಲ. ಅದರ ಮರುದಿನವೂ ಅಪ್ಪ ಮಗಳು ಹೆಣೆಯುತ್ತಲೇ ಇದ್ದರು. ಹೆಸರು ಕೊಡುವ ಕೊನೆಯ ದಿನವೂ ಬಂತು. ಅಜ್ಜಿ ಬಾಗಿಲಲ್ಲಿ ಕೂತು ಒಂದು ಕಾಜಾ ತಪ್ಪಿಸಿದಳು, ಬಿಚ್ಚಿದಳು, ಮತ್ತೆ ತಪ್ಪಿಸಿದಳು. ಕಣ್ಣು ಶೆಡ್ಡಿನ ಮೇಲೇ. ಹುಡುಗಿ ಹೊಸ ಕುರ್ಚಿ ಹಿಡಿದಿದ್ದಳು. ಉದ್ದದ ಎಳೆ ಮುಗಿದು ಅಡ್ಡದ್ದು ಶುರುವಾಗಿತ್ತು. ಬೆತ್ತ ಇನ್ನೂ ಒದ್ದೆ.

ಮೇಸ್ತ್ರಿ ಕೈಯಲ್ಲಿದ್ದುದನ್ನು ಕೆಳಗಿಟ್ಟು ಅವಳ ಮುಂದೆ ಬಂದು ನಿಂತ. "ಏಳು."

"ಮುಗಿದಿಲ್ಲಪ್ಪಾ."

"ಮುಗೀದೇ ಏಳು ಅಂತಿರೋದು."

"ಅರ್ಧ ಒಣಗಿದ್ರೆ ಕೆಡುತ್ತೆ."

"ಕೆಡಲಿ. ನಾನು ನೋಡ್ಕೋತೀನಿ. ಅರ್ಧಕ್ಕೆ ಏಳೋಕೆ ಬರದೇ ತಾನೇ ನೀನು ಫೇಲಾಗಿದ್ದು? ಅದನ್ನ ನಿನಗೆ ಕಲಿಸಿದವನು ನಾನು. ಬಿಡಿಸಬೇಕಾದವನೂ ನಾನೇ." ಅವನು ಅವಳ ಕೈಯಿಂದ ಎಳೆಯನ್ನು ತೆಗೆದುಕೊಂಡ. "ಏಳು ಅಂದ್ನಲ್ಲ. ಬಸ್ ತಪ್ಪುತ್ತೆ."

ಹುಡುಗಿ ಎದ್ದಳು. ಎದ್ದು ನಿಂತು ಆ ಅರ್ಧ ಕುರ್ಚಿಯನ್ನೇ ನೋಡಿದಳು. ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದಳು. ಮೂರನೆಯ ಸಲ ತಿರುಗಿದಾಗ ಮೇಸ್ತ್ರಿ, "ಇನ್ನೊಂದು ಸಲ ತಿರುಗಿದ್ರೆ ಕುರ್ಚಿನೇ ಎತ್ತಿ ಬೆನ್ನಿಗೆ ಕಟ್ತೀನಿ" ಎಂದು ಗದರಿದ. ಆಗ ಓಡಿದಳು.

ಅಲ್ಲಿಂದ ಮುಂದೆ ಪರೀಕ್ಷೆಯವರೆಗೆ ಅಜ್ಜಿಯ ಕೋಣೆಯಲ್ಲಿ ಒಂದು ವಿಚಿತ್ರ ಪಾಠ ನಡೆಯಿತು. ಹುಡುಗಿ ಉತ್ತರ ಬರೆಯುತ್ತ ಕೂರುವುದು, ಅಲಾರಾಂ ಹೊಡೆದ ಕೂಡಲೇ ಬರೆಯುತ್ತಿದ್ದ ಪದವನ್ನೂ ಅಲ್ಲಿಗೇ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗುವುದು. ಗಡಿಯಾರ ಅಜ್ಜಿಯ ಕೈಯಲ್ಲಿ. ಮೊದಮೊದಲು ಹುಡುಗಿ ಹಲ್ಲುನೋವು ಬಂದವಳಂತೆ ನರಳುತ್ತಿದ್ದಳು. "ಒಂದೇ ಒಂದು ನಾಳ ಅಜ್ಜಿ, ಇನ್ನೊಂದೇ ಒಂದು!" "ಕೈ ಎತ್ತು" ಎನ್ನುತ್ತಿದ್ದಳು ಅಜ್ಜಿ, ಪೊಲೀಸಿನವರ ಹಾಗೆ. ಬಿಟ್ಟ ಚಿತ್ರಗಳನ್ನು ಹುಡುಗಿ ಆಮೇಲೆ ಕೂತು ಪೂರ್ತಿ ಮಾಡುತ್ತಿದ್ದಳು. ಅದನ್ನು ಬಿಡಿಸಲು ಯಾರಿಂದಲೂ ಆಗಲಿಲ್ಲ. ಆ ಗಂಟಿನ ದುಡ್ಡು ಬಸ್ಸಿಗೆ, ಹಾಳೆಗೆ, ಪೆನ್ಸಿಲ್ಲಿಗೆ ಕರಗಿತು. ಮೇಡಂ ಹೇಳಿದ್ದ ಹಿರಿಯ ವಿದ್ಯಾರ್ಥಿನಿಯೊಬ್ಬಳು ಬಂದು, ಪ್ರಶ್ನೆಪತ್ರಿಕೆಯನ್ನು ಮೊದಲು ಪೂರ್ತಿ ಓದಬೇಕು ಎನ್ನುವುದರಿಂದ ಹಿಡಿದು, ಅರ್ಥವಾಗದಿದ್ದರೆ ಮೇಷ್ಟ್ರ ಕೋಣೆಯ ಬಾಗಿಲು ಬಡಿಯಬಹುದು ಎನ್ನುವವರೆಗೆ ಎಲ್ಲ ಹೇಳಿಕೊಟ್ಟಳು. "ಬಡೀಬಹುದಾ? ಬೈಯಲ್ವಾ?" ಎಂದು ಹುಡುಗಿ ಬಾಯಿ ಬಿಟ್ಟುಕೊಂಡು ಕೇಳಿದಳು.

ಅವಳು ಪಾಸಾದಳು. ಮರುವರ್ಷ ಪದವಿಯೂ ಕೈಗೆ ಬಂತು. ಅದರ ನಡುವೆ ಮೇಡಂಗೆ ಒಂದು ಕೆಲಸ ಮಾಡಿಕೊಟ್ಟಳು. ಫೋನಿನಲ್ಲಿ ಊರಲ್ಲಿಲ್ಲ ಎನ್ನಿಸಿಕೊಂಡವರ ಮನೆಗಳಿಗೆ ತಾನೇ ಹೋಗಿ, ಬಾಗಿಲಲ್ಲಿ ನಿಂತು, "ನಾನೂ ಫೇಲಾಗಿದ್ದೆ, ದುಡ್ಡು ವಾಪಸ್ ತಗೊಂಡು ಹೋಗಿದ್ದೆ, ಅವರು ಇಸ್ಕೊಳ್ಳಲಿಲ್ಲ" ಎನ್ನುವಳು. ಬಟ್ಟೆ ಇಸ್ತ್ರಿ ಮಾಡುವವರ ಮನೆಯ ಒಬ್ಬಳು ಹಾಗೇ ತಿರುಗಿ ಬಂದಳು. ಲಾರಿ ತೊಳೆಯುವವನ ಮಗ ಬರಲಿಲ್ಲ. ಅವನು ಯಾಕೆ ಬರಲಿಲ್ಲ ಎಂದು ಅವಳು ಬಹಳ ದಿನ ತಲೆ ಕೆಡಿಸಿಕೊಂಡಳು, ಅಜ್ಜಿಯ ತಲೆಯನ್ನೂ ಕೆಡಿಸಿದಳು.

ಮುಂದಿನ ಓದಿಗೆ ಅವಳಿಗೆ ಬೇರೆ ಊರಲ್ಲಿ ಜಾಗ ಸಿಕ್ಕಿತು, ಅದಕ್ಕೂ ವಿದ್ಯಾರ್ಥಿವೇತನ ಸಿಕ್ಕಿತು. ಈ ಸಲ ಮೇಸ್ತ್ರಿ ಮುಂಗಡ ಎನ್ನಲಿಲ್ಲ. ವಠಾರದಲ್ಲಿ ಯಾರಾದರೂ ಕೇಳಿದರೆ, "ಕಲಿಯೋರ ಬೆತ್ತ ಕೊಟ್ಟಿದಾರೆ" ಎನ್ನುತ್ತಿದ್ದ. ಕೇಳಿದವರಿಗೆ ಅರ್ಥವಾಗುತ್ತಿರಲಿಲ್ಲ; ಅವನೂ ಬಿಡಿಸಿ ಹೇಳುತ್ತಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಅವಳು ಅಜ್ಜಿಯ ಬಾಗಿಲಿಗೆ ಬಂದಳು. ಅಪ್ಪ ಅಂಗಳದಲ್ಲಿ ಪೆಟ್ಟಿಗೆ ಹಿಡಿದು, ಬಸ್ಸು ಬಸ್ಸು ಎಂದು ಅವಸರ ಮಾಡುತ್ತಿದ್ದ. ಅಜ್ಜಿಯ ಮಡಿಲಲ್ಲಿ ಯಾರದೋ ಅಂಗಿ, ಕೈಯಲ್ಲಿ ದಾರ ಪೋಣಿಸಿದ ಸೂಜಿ.

"ಅಜ್ಜಿ, ಒಂದು ಕೇಳ್ಲಾ?"

"ನೀನು ಕೇಳದೇ ಹೋದ್ರೆ ತಾನೇ ಆಶ್ಚರ್ಯ. ಕೇಳು."

ಅವಳು ಹೊಸ್ತಿಲ ಮೇಲೆ ಕುಕ್ಕರುಗಾಲಲ್ಲಿ ಕೂತು, ಚಿಕ್ಕಂದಿನಲ್ಲಿ ಬೆತ್ತದ ತುಂಡನ್ನು ನೋಡುತ್ತಿದ್ದ ಹಾಗೆ ಅಜ್ಜಿಯ ಮುಖವನ್ನು ನೋಡಿದಳು.

"ನಿಮಗೂ ಚಿಕ್ಕ ವಯಸ್ಸಲ್ಲಿ ಯಾರಾದ್ರೂ ಹೀಗೆ ದುಡ್ಡು ಕೊಟ್ಟಿದ್ರೆ, ನೀವು ಏನು ಓದ್ತಿದ್ರಿ?"